ಕಂಪನಿ ಬಾವಿಯ ಚೊಕ್ಕ ನೀರು

ಇದೆಲ್ಲ ಹೀಗೆಯೇ ನಡೆಯಿತೆಂದು ನಾನು ಆಣೆ ಮಾಡಿ ಹೇಳಲಾರೆ. ಮದುವೆ ನಡೆದದ್ದು ನಿಜ. ಬೀಗರು ಓಡಿದ್ದು ನಿಜ. ನಾನು ಗೌಡರ ಕಟ್ಟೆಯ ಮೇಲೆ ಎದ್ದು ನಿಂತು ಮಾತಾಡಿದ್ದೂ ನಿಜವೇ ಇರಬೇಕು. ಆದರೆ ಕೊನೆಯಲ್ಲಿ ಏನು ಹೇಳಿದೆ ಎಂಬುದಕ್ಕೆ ನನ್ನ ತಲೆಯಲ್ಲಿ ಮೂರು ಬೇರೆ ಬೇರೆ ಉತ್ತರಗಳಿವೆ. ಮೂರರಲ್ಲಿ ಎರಡು ಉತ್ತರಗಳಲ್ಲಿ ನಾನು ಬಹಳ ಒಳ್ಳೆಯ ಮನುಷ್ಯ. ನನಗೆ ಸಂಶಯ ಬರುವುದು ಅಲ್ಲಿಯೇ.

ಹೋದ ತಿಂಗಳು ನನ್ನ ರೇಡಿಯೋ ಕೆಟ್ಟಿತು. ಕೊಪ್ಪಳದ ಬಸ್ ನಿಲ್ದಾಣದ ಹಿಂದೆ ಒಬ್ಬ ರಿಪೇರಿಯವನಿದ್ದಾನೆ, ಅವನಲ್ಲಿಗೆ ಒಯ್ದೆ. ಅವನು ಬೆಸುಗೆಯ ಕಡ್ಡಿಯನ್ನು ಕಾಯಿಸಿ, ಮೇಜಿನ ಮೇಲಿದ್ದ ಸಕ್ಕರೆ ಹರಳಿನಂಥ ಬಿಳಿ ಗಡ್ಡೆಗೆ ಅದರ ತುದಿಯನ್ನು ತಿಕ್ಕಿದ. ಚುಂಯ್ ಎಂದು ಬಿಳಿ ಹೊಗೆ ಎದ್ದು ನೇರ ನನ್ನ ಮೂಗಿಗೆ ಬಂತು. ನವಸಾಗರ. ಕಣ್ಣಲ್ಲಿ ನೀರು, ಗಂಟಲಲ್ಲಿ ಕೆಮ್ಮು... ಅವನು ಗಾಬರಿಯಾಗಿ ಸ್ಟೂಲು ಕೊಟ್ಟು ಕೂಡಿಸಿದ. ಕೂತಲ್ಲಿ ನನಗೆ ಕಂಡದ್ದು ರೇಡಿಯೋ ಅಲ್ಲ, ಬೇವಿನ ಮರದ ಕೆಳಗೆ ಮೊಣಕಾಲೂರಿ ಕೂತ ಒಬ್ಬ ಮನುಷ್ಯ. ನಾವು ಅವರನ್ನು ಕಲಾಯಿ ಕಾಕಾ ಎನ್ನುತ್ತಿದ್ದೆವು.

ನಮ್ಮೂರು ಕುಷ್ಟಗಿ ತಾಲೂಕಿನದು. ಚಕ್ಕಡಿಯಲ್ಲಿ ತಾವರಗೇರಾದ ಸಂತೆಗೆ ಹೋಗಿ ಬರುವುದೆಂದರೆ ಒಂದು ಇಡೀ ದಿನದ ಕೆಲಸ. ನಾನು ಹುಟ್ಟುವ ಮೊದಲೇ ಯಾವುದೋ ಪರದೇಶಿ ಕಂಪನಿ ಬಂಗಾರ ಸಿಗುತ್ತದೆಂದು ಊರ ಪಕ್ಕದಲ್ಲಿ ನೆಲ ಅಗೆದಿತ್ತಂತೆ. ಬಂಗಾರ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ, ಕಂಪನಿಯಂತೂ ಹೊರಟುಹೋಯಿತು. ಎಲ್ಲರ ಕಣ್ಣಿಗೆ ಬೀಳುವಂತೆ ಬಿಟ್ಟುಹೋದದ್ದು ಎರಡು: ಒಡೆದ ಕಲ್ಲು ಮತ್ತು ಪುಡಿಯ ಒಂದು ದೊಡ್ಡ ದಿಬ್ಬ, ಮತ್ತು ಅದರ ಇಳಿಜಾರಿನ ಕೆಳಗೆ, ಸಾಹೇಬರ ಉಪಯೋಗಕ್ಕೆಂದು ಕಟ್ಟಿಸಿದ ಅಚ್ಚುಕಟ್ಟಾದ ಮೆಟ್ಟಿಲುಗಳ ಒಂದು ಬಾವಿ.

ದಿಬ್ಬದ ಕಲ್ಲುಗಳಲ್ಲಿ ಹಳದಿ ಚುಕ್ಕೆಗಳು ಹೊಳೆಯುತ್ತಿದ್ದವು. ಬೇಸಗೆಯಲ್ಲಿ ಅದರ ಮೈಮೇಲೆ ಬಿಳಿ, ಹಸಿರು ಉಪ್ಪು ಮೂಡುತ್ತಿತ್ತು. ಒಂದು ಗರಿಕೆ ಹುಲ್ಲೂ ಅಲ್ಲಿ ಬೆಳೆಯುತ್ತಿರಲಿಲ್ಲ. ಬಂಗಾರವನ್ನು ಬೇರೆಯವರು ಅಗೆಯಬಾರದೆಂದು ಸಾಹೇಬರು ಹೋಗುವಾಗ ಏನೋ ಮಂತ್ರಿಸಿದ ಪುಡಿ ಎರಚಿ ಹೋಗಿದ್ದಾರೆ ಎಂದು ಊರವರು ಹೇಳುತ್ತಿದ್ದರು. ಅದನ್ನು ನಾನು ನಂಬಿರಲಿಲ್ಲ. ಹಾಗಾದರೆ ಹುಲ್ಲು ಯಾಕೆ ಬೆಳೆಯುವುದಿಲ್ಲ ಎಂದು ನಾನೂ ಕೇಳಿಕೊಂಡಿರಲಿಲ್ಲ. ನಂಬದೆ ಇರುವುದೇ ದೊಡ್ಡ ಕೆಲಸ, ಅದು ಮುಗಿದ ಮೇಲೆ ಮತ್ತೇನು ಎಂಬ ವಯಸ್ಸು ನನ್ನದು.

ಬಾವಿಯ ವಿಷಯಕ್ಕೆ ಬಂದರೆ ನಮ್ಮ ಕೆಳಗಿನ ಓಣಿಯವರ ಎದೆ ಉಬ್ಬುತ್ತಿತ್ತು. ಮೇಲಿನ ಓಣಿಯವರಿಗಿದ್ದದ್ದು ಹಳೇ ಬಾವಿ: ಪಾಚಿ, ಕಪ್ಪೆ, ಒಂದು ಆಮೆ, ಆಗೀಗ ಒಂದು ಆಡು. ನಮ್ಮ ಕಂಪನಿ ಬಾವಿಯ ನೀರೋ ಗಾಜಿನಂತೆ. ತಳಕ್ಕೆ ಬಿದ್ದ ಸೂಜಿ ಮೇಲಿನಿಂದ ಕಾಣುತ್ತಿತ್ತು. ಪಾಚಿಯಿಲ್ಲ, ಮೀನಿಲ್ಲ, ಹುಳವಿಲ್ಲ. ನಮ್ಮ ದೊಡ್ಡವ್ವ, ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ಮೇಲಿನ ಓಣಿಯ ಹೆಂಗಸರು ಸಿಕ್ಕಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ನಮ್ಮ ಬಾವ್ಯಾಗ ಒಂದು ಕಪ್ಪಿ ಸೈತ ಇಲ್ಲ ನೋಡವಾ, ಅಷ್ಟು ಚೊಕ್ಕ ನೀರು."

ಆ ನೀರಿಗೆ ತುಸು ಹುಳಿ ರುಚಿ ಇತ್ತು. ಅದೂ ಹೆಮ್ಮೆಯೇ. ಕಂಪನಿ ಬಾವಿಯ ನೀರಿನ ಸಾರಿಗೆ ಹುಣಸೆಹಣ್ಣು ಅರ್ಧ ಸಾಕು ಎಂದು ಲೆಕ್ಕ ಹೇಳುತ್ತಿದ್ದರು. ಆ ಬಾವಿಗೆ ಇಳಿಸಿದ ಕಬ್ಬಿಣದ ಬಕೆಟ್ಟು ಮೊದಲು ತಾಮ್ರದ ಬಣ್ಣಕ್ಕೆ ತಿರುಗಿ, ಎರಡು ಮೂರು ತಿಂಗಳಲ್ಲಿ ತೂತಾಗುತ್ತಿತ್ತು. ಈಗಿನ ಬಕೆಟ್ಟುಗಳೇ ಹಾಗೆ, ಮೊದಲಿನ ಕಬ್ಬಿಣ ಎಲ್ಲಿದೆ ಎನ್ನುತ್ತಿದ್ದರು. ನಮ್ಮ ಓಣಿಯ ಹಿರಿಯರ ಅಂಗೈಗಳಲ್ಲಿ ಜೋಳದ ಕಾಳಿನಂಥ ಗಟ್ಟಿ ಗಂಟುಗಳಿದ್ದವು. ದುಡಿದ ಕೈ ಎನ್ನುತ್ತಿದ್ದರು. ಲೇಖಣಿ ಬಿಟ್ಟು ಬೇರೇನನ್ನೂ ಎತ್ತಿರದ ಕುಲಕರ್ಣಿಯ ಅಂಗೈಯಲ್ಲೂ ಅವಿದ್ದವು. ಅವನೂ ಅವನ್ನು ದುಡಿದ ಕೈ ಎಂದೇ ಎಲ್ಲರಿಗೂ ತೋರಿಸುತ್ತಿದ್ದ.

ಕಲಾಯಿ ಕಾಕಾ ವರ್ಷಕ್ಕೆ ಎರಡು ಸಲ ಬರುತ್ತಿದ್ದರು, ದಸರೆಗೆ ಮುಂಚೆ ಒಮ್ಮೆ, ಮದುವೆಗಳ ಕಾಲಕ್ಕೆ ಇನ್ನೊಮ್ಮೆ. ಯಲಬುರ್ಗಾ ಕಡೆಯಿಂದ ಹೊರಟು, ನಮ್ಮ ಸುತ್ತಿನ ಹಳ್ಳಿಗಳನ್ನು ಮುಗಿಸಿ, ಕನಕಗಿರಿ ದಾಟಿ ಗಂಗಾವತಿಯವರೆಗೆ ಅವರ ತಿರುಗಾಟ. ಒಂದು ತಟ್ಟುಗುದುರೆ, ಅದರ ಮೇಲೆ ತಿದಿ, ಇದ್ದಿಲು, ಇಕ್ಕಳ, ಅದರ ಹಿಂದೆ ಕಾಕಾನ ಹೆಂಡತಿ. ಬೇವಿನ ಮರದ ಕೆಳಗೆ ಕುಣಿ ತೋಡಿ ಬೆಂಕಿ ಹಾಕುತ್ತಿದ್ದರು. ಆಕೆ ತಿದಿ ಒತ್ತಬೇಕು, ಇವರು ಪಾತ್ರೆ ಕಾಯಿಸಬೇಕು. ತಾಮ್ರ ಕೆಂಪೇರುವ ಹೊತ್ತಿಗೆ ಒಂದು ಚಿಟಿಕೆ ನವಸಾಗರ. ಹೊಗೆ ಏಳುತ್ತಿದ್ದಂತೆ ತವರದ ಕಡ್ಡಿಯನ್ನು ಒಳಗೆ ತಾಕಿಸಿ, ಅರಳೆಯ ಉಂಡೆಯಿಂದ ಗರಗರ ಒರೆಸಿದರೆ ಇಡೀ ಪಾತ್ರೆಯೊಳಗೆ ಬೆಳ್ಳಿ ಹರಡಿದಂತೆ. ನೀರಲ್ಲಿ ಅದ್ದಿ ಮೇಲೆತ್ತಿ ಅವರು ಒಂದು ಕ್ಷಣ ಅದರೊಳಗೆ ತಮ್ಮ ಮುಖ ನೋಡಿಕೊಳ್ಳುತ್ತಿದ್ದರು. ಮೀಸೆ ಸರಿಯಾಗಿ ಕಂಡರೆ ಕಲಾಯಿ ಸರಿ ಎಂದರ್ಥ.

ಪಾತ್ರೆ ಯಾರ ಮನೆಯದೆಂದು ಅವರು ಕೇಳುತ್ತಿರಲಿಲ್ಲ. ಅದರ ನೆಗ್ಗು ನೋಡಿ ಮನೆ ಹೇಳುತ್ತಿದ್ದರು. ನೆಗ್ಗು ಹೊಸದೋ ಹಳೆಯದೋ ನೋಡಿ, ಗಂಡ ಹೆಂಡತಿ ಈಗ ಮಾತಾಡುತ್ತಿದ್ದಾರೋ ಇಲ್ಲವೋ ಎಂಬುದನ್ನೂ. ಈ ಮಾತು ಅವರು ಹೇಳಿದ್ದೋ ಆಮೇಲೆ ನಾನೇ ಸೇರಿಸಿಕೊಂಡದ್ದೋ, ಈಗ ತಿಳಿಯದು.

ಅವರಲ್ಲಿ ಒಂದು ವಿಚಿತ್ರವಿತ್ತು. ಬಿಡಾರ ಕಂಪನಿ ಬಾವಿಯ ಪಕ್ಕದಲ್ಲೇ ಇದ್ದರೂ, ಕುಡಿಯುವ ನೀರಿಗೆ ಹೆಂಡತಿಯನ್ನು ಹಳೇ ಬಾವಿಗೆ ಕಳಿಸುತ್ತಿದ್ದರು. ದೊಡ್ಡವ್ವನಿಗೆ ಇದು ಓಣಿಗೇ ಮಾಡಿದ ಅವಮಾನವೆನಿಸಿ, ಒಂದು ಸಲ ಸೊಂಟದ ಮೇಲೆ ಕೈಯಿಟ್ಟು ಕೇಳಿಯೇಬಿಟ್ಟಳು. ಕಾಕಾ ತಲೆ ಎತ್ತದೆ ಹೇಳಿದರು:

"ಯಕ್ಕಾ, ಕಪ್ಪಿ ಕುಡಿಯೂ ನೀರು ನಾವೂ ಕುಡೀಬಹುದು. ಕಪ್ಪಿ ಒಲ್ಲೆ ಅಂದಿದ್ದು ನಮಗ್ಯಾಕ ಬೇಕು?"

ದೊಡ್ಡವ್ವ ಸೊಂಟದಿಂದ ಕೈ ಇಳಿಸಿ ಮನೆಯ ಕಡೆ ನಡೆದಳು. ಅವಳು ಹಾಗೆ ಹಿಂದಿರುಗಿದ ಸಂದರ್ಭಗಳು ಎಷ್ಟು ಕಡಿಮೆಯೆಂದರೆ, ಇದೊಂದು ನನಗೆ ಖಂಡಿತ ನೆನಪಿದೆ.

ನಾನು ಹೈದರಾಬಾದಿನಲ್ಲಿ ರಸಾಯನಶಾಸ್ತ್ರ ಓದಿ, ಪದವಿ ಪಡೆದು, ಕೆಲಸ ಸಿಗುವವರೆಗೆ ಊರಿಗೆ ಬಂದಿದ್ದೆ. ಯುದ್ಧದ ಕಾಲ. ಮಲಯ ದೇಶ ಜಪಾನಿನ ಕೈಗೆ ಹೋದ ಮೇಲೆ ತವರ ಬರುವುದು ನಿಂತಿತ್ತು. ಪೇಟೆಯಲ್ಲಿ ತವರಕ್ಕೆ ಸೀಸ ಬೆರೆಸಿ ಮಾರುತ್ತಾರೆ ಎಂಬ ಸುದ್ದಿ ಎಲ್ಲೆಲ್ಲೂ. ನನಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಊರಿಗೆ ಅದನ್ನು ಹೇಳಿದವನೂ ನಾನೇ.

ಆ ವರ್ಷ ನಮ್ಮ ಗೌಡರ ಮಗಳ ಮದುವೆ ಗೊತ್ತಾಯಿತು. ಬೀಗರು ಯಲಬುರ್ಗಾ ಸೀಮೆಯವರು, ಭಾರಿ ಮನೆತನ. ಗೌಡರು ಮನೆಯ ಮುಂದೆ ಹೊಸ ಕಟ್ಟೆ ಕಟ್ಟಿಸಿದರು. ಅದಕ್ಕೆ ಕಲ್ಲು ಎಲ್ಲಿಂದ? ಕಂಪನಿಯವರು ಹೋಗುವ ಮುನ್ನ ದಿಬ್ಬಕ್ಕೂ ಬಾವಿಗೂ ನಡುವೆ ಒಂದು ಕಲ್ಲಿನ ಒಡ್ಡು ಹಾಕಿದ್ದರು. ಅದು ಯಾತಕ್ಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಯಾತಕ್ಕೂ ಅಲ್ಲದ ಒಡ್ಡಿನಲ್ಲಿ ಅಷ್ಟು ಒಳ್ಳೆಯ ಕಲ್ಲು ಸುಮ್ಮನೆ ಬಿದ್ದಿರುವುದು ಗೌಡರಿಗೆ ಸರಿ ಕಾಣಲಿಲ್ಲ. ಹನ್ನೆರಡು ಚಕ್ಕಡಿ ಹೇರಿ ತಂದರು. ಕಟ್ಟೆ ಚೆನ್ನಾಗಿಯೇ ಆಯಿತು.

ಮದುವೆಗೆ ಎಂಟು ದಿನ ಮುಂಚೆ ಕಲಾಯಿ ಕಾಕಾ ಬಂದು ಗೌಡರ ಮೂರು ದೊಡ್ಡ ಕೊಪ್ಪರಿಗೆಗಳಿಗೆ ಕಲಾಯಿ ಹಾಕಿದರು. ಯುದ್ಧಕ್ಕೆ ಮುಂಚಿನ ತವರ ತಮ್ಮಲ್ಲಿ ನಾಲ್ಕೇ ಕಡ್ಡಿ ಉಳಿದಿವೆ, ಗೌಡರ ಮನೆಯ ಶುಭಕಾರ್ಯವೆಂದು ಅದರಲ್ಲೇ ಹಾಕಿದ್ದೇನೆ ಎಂದು ಹೇಳಿ ಪಕ್ಕದ ಹಳ್ಳಿಗೆ ಹೋದರು. ಮೂರು ದಿನ ಕಳೆದು ವರ್ಷದ ಮೊದಲ ಅಡ್ಡಮಳೆ ಹೊಯ್ಯಿತು. ದಿಬ್ಬದ ಮೇಲಿನ ಬಿಳಿ ಹಸಿರು ಉಪ್ಪೆಲ್ಲ ತೊಳೆದು ಸ್ವಚ್ಛವಾಯಿತು. ಮದುವೆಗೆ ದೇವರೇ ಅಂಗಳ ಸಾರಿಸಿದ ಎಂದು ಗೌಡರು ಸಂತೋಷಪಟ್ಟರು. ಉಪ್ಪು ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ರಸಾಯನಶಾಸ್ತ್ರ ಓದಿದವನೂ ಕೇಳಲಿಲ್ಲ.

ಬೀಗರಿಗೆ ಮೇಲಿನ ಓಣಿಯ ಕಪ್ಪೆ ನೀರು ಕೊಡಲಾದೀತೆ? ಹಿಂದಿನ ಸಂಜೆಯೇ ಕೊಪ್ಪರಿಗೆಗಳಿಗೆ ಕಂಪನಿ ಬಾವಿಯ ನೀರು ತುಂಬಿಸಿಟ್ಟರು. ಮರುದಿನ ಅದರಲ್ಲೇ ಸಾರು, ಅದರಲ್ಲೇ ಅನ್ನ, ಕುಡಿಯಲೂ ಅದೇ.

ಮರ್ಯಾದೆಯಂತೆ ಮೊದಲ ಪಂಕ್ತಿ ಬೀಗರದು. ನಾವು ಹೆಣ್ಣಿನ ಕಡೆಯವರು ಬಡಿಸುತ್ತ ನಿಂತಿದ್ದೆವು. ಸಾರು ತುಸು ಹುಳಿ ಮುಂದಾಗಿದೆ ಎಂದು ಒಬ್ಬರು ಅಂದರು. ನಮ್ಮ ಬಾವಿಯ ಗುಣ ಎಂದು ಗೌಡರು ನಕ್ಕರು. ಪಂಕ್ತಿ ಏಳುವ ಮೊದಲೇ ಒಬ್ಬ ಎದ್ದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಯಲಬುರ್ಗಾ ಸೀಮೆಗೆ ಸೀಮೆಯೇ ಎದ್ದಿತು. ಕೆಲವರು ಗೋಡೆ ಹಿಡಿದು ಕಾರಿಕೊಂಡರು, ಉಳಿದವರು ಹೊಲಕ್ಕೆ ಒಯ್ಯುವ ಚರಿಗೆಗಾಗಿ ಕೂಗಿದರು. ಅಷ್ಟು ಚರಿಗೆಗಳು ನಮ್ಮೂರಲ್ಲಿ ಎಲ್ಲಿದ್ದವು? ಒಬ್ಬ ಹಿರಿಯರು ದೇವರ ಮುಂದಿನ ಕಲಶದ ತಂಬಿಗೆಯನ್ನೇ ಎತ್ತಿಕೊಂಡು ಹೊಲದ ಕಡೆಗೆ ನಡೆದರು. ಮದುಮಗ ಬಾಸಿಂಗ ಬಿಚ್ಚಲು ಸಮಯವಿಲ್ಲದೆ ಹಾಗೆಯೇ ಓಡಿದ. ಬಿಸಿಲಲ್ಲಿ ಬಾಸಿಂಗ ಥಳಥಳ ಹೊಳೆಯುತ್ತ ಜಾಲಿಗಿಡಗಳ ಹಿಂದೆ ಮುಳುಗಿದ್ದು ನನ್ನ ಕಣ್ಣಿಗೆ ಕಟ್ಟಿದೆ. ನಿಜವಾಗಿ ನೋಡಿದೆನೋ, ದೊಡ್ಡವ್ವ ನೂರು ಸಲ ಹೇಳಿದ್ದರಿಂದ ಕಾಣುತ್ತಿದೆಯೋ...

ಯಾರೂ ಸಾಯಲಿಲ್ಲ. ಸಂಜೆಯ ಹೊತ್ತಿಗೆ ಎಲ್ಲರೂ ಮಜ್ಜಿಗೆ ಕುಡಿದು ಎದ್ದು ಕೂತರು. ಆದರೆ ಗೌಡರ ಕಡೆಯವರಲ್ಲಿ ಒಬ್ಬರೂ ಉಂಡಿರಲಿಲ್ಲ, ಒಬ್ಬರೂ ಕಾರಿಕೊಂಡಿರಲಿಲ್ಲ. ಬೀಗರ ಕಣ್ಣಿಗೆ ಇದು ಹೇಗೆ ಕಂಡಿತೆಂದು ಬೇರೆ ಹೇಳಬೇಕಿಲ್ಲ. ಯಾರು ಏನು ಹಾಕಿದರೆಂದು ಗೊತ್ತಾಗುವವರೆಗೆ ಹೆಣ್ಣನ್ನು ಕರೆದುಕೊಂಡು ಹೋಗುವುದಿಲ್ಲ ಎಂದು ಅವರ ಹಿರಿಯರು ಹೊಸ ಕಟ್ಟೆಯ ಮೇಲೆ ಕೂತುಬಿಟ್ಟರು.

ಆಗ ಯಾರೋ ಖಾಲಿ ಕೊಪ್ಪರಿಗೆಯೊಳಗೆ ಇಣುಕಿದರು. ಎಂಟು ದಿನದ ಹಿಂದೆ ಬೆಳ್ಳಿಯಂತಿದ್ದ ಒಳಮೈ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಕಲಾಯಿ ಹೋಗಿತ್ತು. ಅಪರಾಧಿ ಸಿಕ್ಕಿದ. ಗೌಡರು ಪಕ್ಕದ ಹಳ್ಳಿಗೆ ಆಳು ಕಳಿಸಿದರು. ಮರುದಿನ ಕಾಕಾ ತಟ್ಟನ್ನೂ ಹೆಂಡತಿಯನ್ನೂ ಕರೆದುಕೊಂಡು ತಾವಾಗಿಯೇ ನಡೆದು ಬಂದರು.

ಓದಿದವನೆಂದು ನನ್ನನ್ನು ಮುಂದೆ ಮಾಡಿದರು. ನಾನು ಅದಕ್ಕಾಗಿಯೇ ಕಾಯುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳಬೇಕು. ಸೀಸವನ್ನು ಕಾಗದದ ಮೇಲೆ ಎಳೆದರೆ ಪೆನ್ಸಿಲ್ಲಿನಂತೆ ಕಪ್ಪು ಗೆರೆ ಮೂಡುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಬಿಳಿ ಕಾಗದ ತರಿಸಿದೆ. ಎಲ್ಲರೂ ನೋಡುವಂತೆ ಎತ್ತಿ ಹಿಡಿದೆ. ಕೊಪ್ಪರಿಗೆಯ ಅಂಚಿನಲ್ಲಿ ಉಳಿದಿದ್ದ ಕಲಾಯಿಗೆ ತಿಕ್ಕಿದೆ. ಕಾಗದ ಕಪ್ಪಾಯಿತು. "ಸೀಸ" ಎಂದೆ. ಕಟ್ಟೆಯ ಮೇಲೆ ಹೋ ಎಂದರು. ಮದುವೆಯ ದಿನವೆಲ್ಲ ಕಟ್ಟಿಗೆ ಒಲೆಯ ಮೇಲೆ ಕೂತ ಕೊಪ್ಪರಿಗೆಗೆ ಕಾಗದ ತಿಕ್ಕಿದರೆ ಕಾಗದ ಬಿಳಿಯಾಗಿ ಹೇಗೆ ಉಳಿದೀತು ಎಂಬುದು ಅಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು. ಹೆಂಗಸರು ಬಾಗಿಲ ಒಳಗಿದ್ದರು. ನಾನು ಹೊರಗಿದ್ದೆ.

ಕಾಕಾ ಸಿಟ್ಟಾಗಲಿಲ್ಲ. ಸೊಂಟದ ಚೀಲದಿಂದ ಬೆರಳು ದಪ್ಪದ ಒಂದು ತವರದ ಕಡ್ಡಿ ತೆಗೆದು ನನ್ನ ಹತ್ತಿರ ಬಂದರು.

"ಕಿವಿ ಕೊಡ್ರಿ ಸಾಹೇಬ್ರ. ತವರ ಅಳತೈತಿ. ಸೀಸ ಬೆರೆಸಿದ್ರ ಅಳೂದಿಲ್ಲ."

ಎಂದು ನನ್ನ ಕಿವಿಯ ಪಕ್ಕದಲ್ಲಿ ಕಡ್ಡಿಯನ್ನು ಬಗ್ಗಿಸಿದರು. ನನಗೇನೂ ಕೇಳಲಿಲ್ಲ. ಕಟ್ಟೆಯ ಮೇಲೆ ಐವತ್ತು ಜನ ಮಾತಾಡುತ್ತಿದ್ದರು, ಬೀಗರ ಎತ್ತುಗಳು ಗಂಟೆ ಅಲ್ಲಾಡಿಸುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಲೋಹ ಅಳುವುದಿಲ್ಲ, ಇದು ಇಪ್ಪತ್ತನೆಯ ಶತಮಾನ ಎಂದು ನಾನು ಸಭೆಗೆ ಹೇಳಿದೆ. ಜನ ನಕ್ಕರು. ಬೀಗರೂ ನಕ್ಕರು, ಎರಡು ದಿನಗಳಲ್ಲಿ ಮೊದಲ ಸಲ.

ಕಾಕಾ ನಗು ನಿಲ್ಲುವವರೆಗೆ ಕಾದರು.

"ಗೌಡ್ರ, ತಪ್ಪು ಕಲಾಯಿದಲ್ರಿ, ನೀರಿಂದು. ಆ ನೀರಾಗ ತೇಜಾಬ್ ಐತಿ. ಇವತ್ತ ನನ್ನ ಹೆಸರು ಕೆಟ್ರ ಇಲ್ಲಿಂದ ಗಂಗಾವತಿ ತನಕ ಒಂದು ತಂಬಿಗಿ ಸೈತ ಯಾರೂ ನನ್ನ ಕೈಯಾಗ ಕೊಡೂದಿಲ್ರಿ. ಒಂದು ರಾತ್ರಿ ಟೈಮ್ ಕೊಡ್ರಿ."

ತೇಜಾಬ್ ಎಂದರೆ ಆಮ್ಲ. ಹೈದರಾಬಾದಿನಲ್ಲಿ ನನಗೆ ಉರ್ದುವಿನಲ್ಲಿ ಪಾಠ ಹೇಳಿದ ಪ್ರೊಫೆಸರು ಬಳಸುತ್ತಿದ್ದ ಶಬ್ದ ಅದು. ಆ ಕಟ್ಟೆಯ ಮೇಲೆ ಅದರ ಅರ್ಥ ಗೊತ್ತಿದ್ದವರು ನಾವಿಬ್ಬರೇ. ನನಗೆ ಸಂತೋಷವಾಗಬೇಕಿತ್ತು. ಆದದ್ದು ಕಿರಿಕಿರಿ.

ಅವರು ಕೇಳಿದ್ದು ಇಷ್ಟು: ಗೌಡರ ಮನೆಯ ಒಂದೇ ಜೋಡಿಯ ಎರಡು ತಾಮ್ರದ ತಂಬಿಗೆ ಕೊಡಿ. ಎಲ್ಲರೆದುರಿಗೆ, ಒಂದೇ ಕಡ್ಡಿಯಿಂದ, ಎರಡಕ್ಕೂ ಕಲಾಯಿ ಹಾಕುತ್ತೇನೆ. ಒಂದಕ್ಕೆ ಕಂಪನಿ ಬಾವಿಯ ನೀರು, ಇನ್ನೊಂದಕ್ಕೆ ಹಳೇ ಬಾವಿಯ ನೀರು ತುಂಬಿ ಕೋಣೆಯಲ್ಲಿಡಿ. ಕೀಲಿಕೈ ಬೀಗರ ಹತ್ತಿರ ಇರಲಿ. ಬೆಳಿಗ್ಗೆ ನೋಡೋಣ.

ಒಂದನ್ನು ಬದಲಾಯಿಸಿ ಉಳಿದದ್ದನ್ನೆಲ್ಲ ಹಾಗೆಯೇ ಇಟ್ಟು ನೋಡುವುದು ಪ್ರಯೋಗದ ಮೊದಲ ಪಾಠ. ನಾನು ಅದನ್ನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಬೆಂಕಿ ಹಾಕಿದರು. ಕಾಕಾನ ಹೆಂಡತಿ ತಿದಿ ಒತ್ತಿದಳು. ನವಸಾಗರದ ಹೊಗೆ ಬೀಗರ ಮೇಲೆ ಹೋಗಿ, ಪಾಪ, ಈಗಷ್ಟೇ ಚೇತರಿಸಿಕೊಂಡಿದ್ದವರು ಮತ್ತೆ ಕೆಮ್ಮಿದರು. ಎರಡೂ ತಂಬಿಗೆಗಳಲ್ಲಿ ಕಾಕಾ ಮೀಸೆ ನೋಡಿಕೊಂಡರು. ನೀರು ತುಂಬಿ, ಬಾಗಿಲು ಹಾಕಿ, ಬೀಗರ ಹಿರಿಯರು ಕೀಲಿಕೈಯನ್ನು ತಾಯತದಂತೆ ಕೊರಳಿಗೆ ಕಟ್ಟಿಕೊಂಡು ಮಲಗಿದರು.

ಬೆಳಿಗ್ಗೆ ಬಾಗಿಲು ತೆರೆದರು. ಹಳೇ ಬಾವಿಯ ತಂಬಿಗೆ ಬೆಳ್ಳಗೆ ನಗುತ್ತಿತ್ತು. ಕಂಪನಿ ಬಾವಿಯ ತಂಬಿಗೆಯೊಳಗೆ ಕೆಂಪು ಹರಡಿತ್ತು.

ಮೊದಲು ಮಾತಾಡಿದವಳು ಬಾಗಿಲ ಮರೆಯಲ್ಲಿದ್ದ ದೊಡ್ಡವ್ವ: "ಒಂದು ರಾತ್ರಿಗೆ ತಂಬಿಗಿ ಹಿಂಗಾದ್ರ, ಹೊಟ್ಟಿ ಹೆಂಗಾಗಿರಬೇಕು?" ಗೌಡರು ಅವಳನ್ನು ಗದರಿಸಿದರು. ಅವರ ಮುಖ ನೋಡಬೇಕಿತ್ತು. ನೀರಿನ ತಪ್ಪೆಂದರೆ ಊರಿನ ತಪ್ಪು. ಊರಿನ ತಪ್ಪೆಂದರೆ ಗೌಡರ ತಪ್ಪು. ಬೀಗರಿಗೆ ತಾವೇ ಕೈಯಾರೆ ವಿಷ ಕುಡಿಸಿದಂತೆ. ಕಲಾಯಿಯ ತಪ್ಪೆಂದರೆ ಎಲ್ಲರೂ ಬಚಾವು, ಒಬ್ಬನ ಹೊರತು. ಗೌಡರು ನನ್ನ ಕಡೆ ತಿರುಗಿದರು.

"ನೀ ಹೇಳಪಾ, ಕಲಿತಾವ. ಇದಕ್ಕೇನಂತಿ?"

ನಾನು ಮೊದಲೇ ಹೇಳಿದೆನಲ್ಲ, ಇಲ್ಲಿ ಮೂರು ಉತ್ತರಗಳಿವೆ ಎಂದು. ಒಂದರಲ್ಲಿ ನಾನು ಕಾಕಾನ ಕೈ ಹಿಡಿದು, ತಪ್ಪಾಯಿತು ಎನ್ನುತ್ತೇನೆ. ಇನ್ನೊಂದರಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ಬೀಗರು ಅಡ್ಡ ಬಾಯಿ ಹಾಕುತ್ತಾರೆ. ಮೂರನೆಯದರಲ್ಲಿ ನಾನು ಗಂಟಲು ಸರಿಮಾಡಿಕೊಂಡು, "ಇನ್ನೂ ತಪಾಸಣೆ ಆಗಬೇಕು" ಎನ್ನುತ್ತೇನೆ. ಮೂರನೆಯದೇ ನಿಜವಿರಬೇಕು. ಅದು ನನ್ನ ಮಾತಿನಂತೆಯೇ ಇದೆ. ಆಮೇಲೆ ನಡೆದದ್ದೂ ಅದಕ್ಕೇ ಹೊಂದುತ್ತದೆ.

ಆ ಒಂದು ಮಾತಿನಲ್ಲಿ ಎಲ್ಲರಿಗೂ ಕೂರಲು ಜಾಗ ಸಿಕ್ಕಿತು. ತಪಾಸಣೆ ಆಗಬೇಕಾದದ್ದು ತವರದ್ದೇ ಎಂದು ಗೌಡರು ಅರ್ಥ ಮಾಡಿದರು. ಓದಿದವನೇ ಹೇಳುತ್ತಿದ್ದಾನಲ್ಲ ಎಂದು ಬೀಗರು ತಲೆಯಾಡಿಸಿದರು. ಮಧ್ಯಾಹ್ನದೊಳಗೆ ಹೆಣ್ಣನ್ನು ಚಕ್ಕಡಿಯಲ್ಲಿ ಕೂಡಿಸಿದರು. ತಪಾಸಣೆ ಮುಗಿಯುವವರೆಗೆ ಕಲಾಯಿಯವನು ಈ ಊರಿಗೆ ಬರುವುದು ಬೇಡವೆಂದು ತೀರ್ಮಾನವಾಯಿತು. ತಪಾಸಣೆ ಮಾಡಬೇಕಾದವನು ನಾನು.

ಕಾಕಾ ತಟ್ಟಿನ ಮೇಲೆ ತಿದಿ ಹೇರಿ, ಹಗ್ಗ ಬಿಗಿದು, ನನ್ನ ಹತ್ತಿರ ಬಂದರು. ಬಯ್ಯುತ್ತಾರೆಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರು ಚೀಲದಿಂದ ಒಂದು ಕಡ್ಡಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ಯುದ್ಧಕ್ಕೆ ಮುಂಚಿನದು. ಆಗ ಇಡೀ ಸೀಮೆಯಲ್ಲಿ ಅಂಥದು ಸಿಗುತ್ತಿರಲಿಲ್ಲ.

"ಇಟಗೋರಿ. ಪುರುಸೊತ್ತಾದಾಗ ಯಾರೂ ಇಲ್ಲದಲ್ಲಿ ಕುಂತು ಬಗ್ಗಿಸಿ ಕೇಳ್ರಿ. ಗದ್ದಲದಾಗ ಅದರ ದನಿ ಯಾರಿಗೂ ಕೇಳಾಂಗಿಲ್ಲ."

ಆಕೆ, ತಿದಿ ಒತ್ತುವಾಕೆ, ನನ್ನ ಕಡೆ ನೋಡಲೇ ಇಲ್ಲ. ಅಷ್ಟು ವರ್ಷ ಅವರ ಜೊತೆ ತಿರುಗಿದ ಆಕೆಗೆ ನನ್ನ ಬೆಲೆ ನನಗಿಂತ ಚೆನ್ನಾಗಿ ತಿಳಿದಿತ್ತು.

ಮರುದಿನ ಬೆಳಿಗ್ಗೆ ದೊಡ್ಡವ್ವ ಎರಡು ಕೊಡಗಳನ್ನು ನನ್ನ ಮುಂದೆ ಇಟ್ಟಳು. "ಆ ಕಲಾಯಿ ಸಾಬಣ್ಣ ಇಪ್ಪತ್ತು ವರ್ಷ ನನ್ನ ಭಾಂಡೆ ನೋಡ್ಯಾನ. ನೀ ಎಷ್ಟು ನೋಡಿ? ನಡಿ, ಹಳೇ ಬಾವಿಗೆ ಹೋಗು. ನಿನ್ನ ತಪಾಸಣಿ ಮುಗಿಯೂ ತನಕ ನೀನ ನೀರು ತರಬೇಕು." ನನಗೆ ಗುಲ್ಬರ್ಗದಲ್ಲಿ ಕೆಲಸ ಸಿಗುವವರೆಗೆ, ನಾಲ್ಕು ತಿಂಗಳು, ಊರಿನ ಏಕೈಕ ಪದವೀಧರ ಹೆಗಲ ಮೇಲೆ ಕೊಡ ಹೊತ್ತು ಮೇಲಿನ ಓಣಿಯ ಮೂಲಕ ದಿನಕ್ಕೆ ಎರಡು ಸಲ ಹಾದುಹೋದ. ನಮ್ಮ ಕಪ್ಪೆ ನೀರು ಈಗ ರುಚಿಸಿತೇನು ಎಂದು ಅಲ್ಲಿನ ಹೆಂಗಸರು ಕೇಳುತ್ತಿದ್ದರು.

ನಮ್ಮ ಮನೆಯ ಹೊರತು ಕೆಳಗಿನ ಓಣಿಯಲ್ಲಿ ಮತ್ತಾರೂ ಬಾವಿ ಬದಲಿಸಲಿಲ್ಲ. ತಂಬಿಗೆಯ ಸಂಗತಿ ಹೆಮ್ಮೆಯ ಪಟ್ಟಿಗೆ ಸೇರಿತು. ನಮ್ಮ ನೀರು ಎಂಥ ಖಡಕ್ ಎಂದರೆ ತವರವನ್ನೇ ತಿನ್ನುತ್ತದೆ, ತಿಂದ ಅನ್ನ ಅರಗಿಸದೆ ಬಿಟ್ಟೀತೆ ಎಂದು ಹೇಳತೊಡಗಿದರು. ಕುಲಕರ್ಣಿ ಕೊನೆಯವರೆಗೂ ಅದನ್ನೇ ಕುಡಿದ. ಕೊನೆಗೆ ಅವನ ಕೈ ಲೇಖಣಿ ಹಿಡಿಯಲು ಬರದಷ್ಟು ಒಡೆದಿತ್ತಂತೆ. ಇದನ್ನು ಬರೆಯುವಾಗ ನನಗೆ ಮೊದಲಿನಂತೆ ನಗು ಬರುವುದಿಲ್ಲ.

ಏನಾಗಿತ್ತೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಬೇರೆ ಊರಿನ ಗಣಿಗಳ ಬಗ್ಗೆ ಓದುವಾಗ. ಆ ಹಳದಿ ಚುಕ್ಕೆ ಬಂಗಾರವಲ್ಲ, ಗಂಧಕ ಮತ್ತು ಕಬ್ಬಿಣ ಕೂಡಿದ ಕಲ್ಲು. ನೆಲದೊಳಗೆ ಇದ್ದಷ್ಟು ಕಾಲ ಅದು ಸುಮ್ಮನೆ ಇರುತ್ತದೆ. ಅಗೆದು, ಒಡೆದು, ಪುಡಿ ಮಾಡಿ ಹೊರಗೆ ಸುರಿದರೆ ಗಾಳಿ ಮತ್ತು ಮಳೆ ಅದನ್ನು ಮುಟ್ಟುತ್ತವೆ. ಗಂಧಕ ಆಮ್ಲವಾಗುತ್ತದೆ. ಆ ಆಮ್ಲ ಅದೇ ಕಲ್ಲಿನಲ್ಲಿರುವ ತಾಮ್ರವನ್ನೂ, ಅಂಗೈಯಲ್ಲಿ ಗಂಟು ಮೂಡಿಸುವ ಪಾಷಾಣವೆಂಬ ವಿಷವನ್ನೂ ಕರಗಿಸಿಕೊಂಡು ಕೆಳಗಿಳಿಯುತ್ತದೆ. ಬೇಸಗೆಯಲ್ಲಿ ಉಪ್ಪಾಗಿ ಮೇಲೆ ಕೂತದ್ದು ಮೊದಲ ಮಳೆಗೆ ಒಮ್ಮೆಲೇ ತೊಳೆದು ಬರುತ್ತದೆ. ಕಂಪನಿಯವರಿಗೆ ಇದು ಗೊತ್ತಿತ್ತೋ ಏನೋ, ಒಡ್ಡು ಹಾಕಿದ್ದರು. ಏಕೆ ಹಾಕಿದೆವೆಂದು ಊರಿಗೆ ಹೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಒಡ್ಡು ಇದ್ದಾಗ ಬಾವಿಗೆ ಸೋಸಿ ಬರುತ್ತಿದ್ದದ್ದು ಸ್ವಲ್ಪ, ಅದೇ ಹುಣಸೆಹಣ್ಣು ಉಳಿಸುತ್ತಿತ್ತು. ಒಡ್ಡು ಕಟ್ಟೆಯಾದ ವರ್ಷ ಎಲ್ಲವೂ ನೇರ ಬಂತು. ವರ್ಷಗಟ್ಟಲೆ ಅದನ್ನೇ ಕುಡಿದು ಒಗ್ಗಿದ ನಮ್ಮ ಓಣಿಯ ಹೊಟ್ಟೆಗಳು ತಡೆದುಕೊಂಡವು, ಬೀಗರವು ತಡೆಯಲಿಲ್ಲ. ಕಂಪನಿ ಬಾವಿ ಚೊಕ್ಕವಾಗಿದ್ದದ್ದು ಅದರಲ್ಲಿ ಏನೂ ಬದುಕುತ್ತಿರಲಿಲ್ಲ ಎಂಬ ಕಾರಣಕ್ಕೆ. ನೀರಲ್ಲಿ ಕರಗಿದ ತಾಮ್ರ ಕೂತು ಬಕೆಟ್ಟಿಗೆ ಬಂದ ಬಣ್ಣವೇ ತಂಬಿಗೆಯ ತವರಕ್ಕೂ ಬಂದಿತ್ತು. ಇದನ್ನೆಲ್ಲ ಕಪ್ಪೆಗಳು ಮೊದಲೇ ಕಂಡುಕೊಂಡಿದ್ದವು. ಕಪ್ಪೆಗಳನ್ನು ನೋಡಿ ಕಾಕಾ ಕಂಡುಕೊಂಡಿದ್ದರು.

ಕಾಕಾ ಮತ್ತೆ ಬರಲಿಲ್ಲ. ನಮ್ಮೂರಿಗೆ ಬರದಿದ್ದದ್ದು ನಮ್ಮ ತೀರ್ಮಾನದಿಂದ. ಬೇರೆ ಊರುಗಳಿಗೂ ಬರದಾದದ್ದು ಏತರಿಂದ ಎಂದು ಗೊತ್ತಿಲ್ಲ. ಬೀಗರು ಸುದ್ದಿ ಹಬ್ಬಿಸಿರಬಹುದು. ತವರ ಮುಗಿದಿರಬಹುದು. ನಿಜಾಮರ ಆಳ್ವಿಕೆ ಮುಗಿಯುವ ಹೊತ್ತಿನ ಗದ್ದಲದಲ್ಲಿ ಎಷ್ಟೋ ಜನ ಎಲ್ಲೆಲ್ಲಿಗೋ ಹೋದರು. ಆಮೇಲೆ ಸ್ಟೀಲು ಬಂತು, ಕಲಾಯಿಯೇ ಬೇಡವಾಯಿತು. ಇವುಗಳಲ್ಲಿ ಯಾವುದನ್ನಾದರೂ ಆರಿಸಿಕೊಂಡರೆ ನನಗೆ ಹಗುರವಾಗುತ್ತದೆ, ಅದಕ್ಕೇ ಆರಿಸಿಕೊಳ್ಳಲು ಮನಸ್ಸಿಲ್ಲ. ಒಂದು ಸಲ ಯಲಬುರ್ಗಾದಲ್ಲಿ ಇಳಿದು ವಿಚಾರಿಸಿದೆ. ತಿದಿ ಒತ್ತುತ್ತಿದ್ದ ಒಬ್ಬ ಮುದುಕಿ ಇದ್ದಳು, ತೀರಿಕೊಂಡು ಬಹಳ ದಿನವಾಯಿತು ಎಂದು ಒಬ್ಬರು ಹೇಳಿದರು. ಅದು ಆಕೆಯೇ ಎಂಬುದಕ್ಕೆ ಆಧಾರವಿಲ್ಲ.

ರೇಡಿಯೋ ರಿಪೇರಿಯಾಯಿತು. ಮನೆಗೆ ತಂದು ಹಚ್ಚದೆ ಇಟ್ಟೆ. ಹೈದರಾಬಾದಿಗೆ ಒಯ್ದಿದ್ದ ಹಳೆಯ ಟ್ರಂಕನ್ನು ಇಳಿಸಿದೆ. ಪದವಿಯ ಕಾಗದವನ್ನು ಗೆದ್ದಲು ತಿಂದಿತ್ತು. ಅದರ ಕೆಳಗೆ, ದೊಡ್ಡವ್ವನ ಸೀರೆಯ ಚಿಂದಿಯಲ್ಲಿ ಸುತ್ತಿದ ಕಡ್ಡಿ ಇತ್ತು. ನಾನು ಸುತ್ತಿಟ್ಟದ್ದೋ ಅವಳು ಸುತ್ತಿಟ್ಟದ್ದೋ ನೆನಪಿಲ್ಲ. ಇಷ್ಟು ವರ್ಷವಾದರೂ ಮಂಕಾಗಿರಲಿಲ್ಲ.

ಮನೆಯಲ್ಲಿ ಯಾರೂ ಇರಲಿಲ್ಲ. ಕಿಟಕಿ ಮುಚ್ಚಿ, ಗಡಿಯಾರವನ್ನು ಪಕ್ಕದ ಕೋಣೆಗೆ ಒಯ್ದಿಟ್ಟು ಬಂದು ಕೂತೆ. ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಎರಡೂ ಕೈಯಿಂದ ಬಗ್ಗಿಸಿದೆ. ಕೈಯಲ್ಲಿ ಈಗ ಬಲ ಕಡಿಮೆ, ಮೆಲ್ಲಗೆ ಬಗ್ಗಿತು. ಒಣ ಎಲೆಯನ್ನು ಮುಷ್ಟಿಯಲ್ಲಿ ಹಿಡಿದು ಹಿಚುಕಿದಂತೆ ಸಣ್ಣದಾಗಿ ಕಿರಕಿರ ಎಂದಿತು. ಭ್ರಮೆಯೇನೋ ಎಂದು ಮತ್ತೊಮ್ಮೆ ಬಗ್ಗಿಸಿದೆ. ಮತ್ತೆ ಎಂದಿತು. ಮೂರನೆಯ ಸಲವೂ. ಮರುದಿನ ರಿಪೇರಿ ಅಂಗಡಿಗೆ ಹೋಗಿ, ಸೀಸ ಬೆರೆತ ಬೆಸುಗೆಯ ಕಡ್ಡಿಯೊಂದನ್ನು ಕೇಳಿ ತಂದು, ಅದನ್ನೂ ಹಾಗೆಯೇ ಬಗ್ಗಿಸಿ ನೋಡಿದೆ. ಅದು ಸುಮ್ಮನಿತ್ತು.

ಉಳಿದದ್ದನ್ನೆಲ್ಲ ನೀವು ಸಂಶಯಿಸಬಹುದು, ನಾನೂ ಸಂಶಯಿಸುತ್ತೇನೆ. ಇದೊಂದನ್ನು ಪರೀಕ್ಷಿಸಿ ನೋಡಿದ್ದೇನೆ: ತವರ ಅಳುತ್ತದೆ. ಅವರ ತವರದಲ್ಲಿ ಸೀಸವಿರಲಿಲ್ಲ.